ಸಹಾಯ ಬೇಕು: ಬಿಸಿಲೇರಿದರೆ ಡಿಟೆಕ್ಟರ್ ಸಿಗ್ನಲ್ ಇಳಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಎಂ.ಟೆಕ್ ಓದುತ್ತಿದ್ದೇನೆ. ದೇಹದೊಳಗಿನ ಚಿತ್ರ ತೆಗೆಯುವ ಪೆಟ್ (PET) ಸ್ಕ್ಯಾನರ್‌ಗೆ ಹೊಂದುವ ಪುಟ್ಟ ಡಿಟೆಕ್ಟರ್ ನನ್ನ ಪ್ರಾಜೆಕ್ಟ್. ವಿಕಿರಣ ಬಿದ್ದಾಗ ಮಿನುಗುವ ಎಲ್‌ವೈಎಸ್‌ಒ ಹರಳು, ಅದರ ಬೆನ್ನಿಗೆ ಆ ಬೆಳಕನ್ನು ವಿದ್ಯುತ್ ಸಿಗ್ನಲ್ ಆಗಿಸುವ ಸಿಲಿಕಾನ್ ಫೋಟೊಮಲ್ಟಿಪ್ಲೈಯರ್. ಎರಡೂ ಸೇರಿ ಬೆಂಕಿಪೊಟ್ಟಣದಷ್ಟೂ ಇಲ್ಲ. ಹರಳಿನೊಳಗಿನ ಲುಟೇಷಿಯಂ-176 ತಾನೇ ಸ್ವಲ್ಪ ವಿಕಿರಣ ಸೂಸುತ್ತದೆ, ಪರೀಕ್ಷೆಗೆ ಅದೇ ಸಾಕಾಗಿದೆ.

ಬೆಳಿಗ್ಗೆ ಎಲ್ಲ ಸರಿ. ಮಧ್ಯಾಹ್ನ ನಮ್ಮೂರ ಬಿಸಿಲು ಗೊತ್ತಲ್ವಾ, ಲ್ಯಾಬ್‌ನಲ್ಲಿ ಎಸಿ ಬೇರೆ ಇಲ್ಲ. ಸಿಗ್ನಲ್‌ಗಳ ಗಾತ್ರ ತೋರಿಸುವ ಗ್ರಾಫ್ ಪೂರ್ತಿ ಎಡಕ್ಕೆ, ಅಂದರೆ ಕಡಿಮೆಯ ಕಡೆಗೆ, ಸರಿಯುತ್ತದೆ. ಬಿಸಿಯಾದಂತೆ ಬ್ರೇಕ್‌ಡೌನ್ ವೋಲ್ಟೇಜ್ (ಫೋಟೊಮಲ್ಟಿಪ್ಲೈಯರ್ ಕೆಲಸ ಶುರುಮಾಡಲು ಬೇಕಾದ ವೋಲ್ಟೇಜ್) ಏರುತ್ತದೆ, ಡೇಟಾಶೀಟ್ ಪ್ರಕಾರ ಡಿಗ್ರಿಗೆ 54 ಮಿಲಿವೋಲ್ಟ್. ತಾಪ ಅಳೆಯುವ ಥರ್ಮಿಸ್ಟರ್ ನೋಡಿಕೊಂಡು ಬಯಾಸ್ (ಫೋಟೊಮಲ್ಟಿಪ್ಲೈಯರ್‌ಗೆ ಕೊಡುವ ವೋಲ್ಟೇಜ್) ಏರಿಸಿದರೂ ಲೆಕ್ಕ ತಪ್ಪುತ್ತಿದೆ. ಥರ್ಮಿಸ್ಟರ್ ಬೋರ್ಡಿನ ಮೂಲೆಯಲ್ಲಿದೆ, ಪಕ್ಕದಲ್ಲೇ ಕೈ ಸುಡುವ ವೋಲ್ಟೇಜ್ ರೆಗ್ಯುಲೇಟರ್. ಅದೇ ಕಾರಣವಾ? ತಂಪು ಮಾಡುವ ಪೆಲ್ಟಿಯರ್ ಹಾಕಲು ಜಾಗ ಸಾಲದು.

ಈ ಕೆಲಸ ಮಾಡಿದವರು ಥರ್ಮಿಸ್ಟರ್ ಎಲ್ಲಿ ಅಂಟಿಸಿದಿರಿ, ಹೇಳಿ. ಬೀದರ್, ಯಾದಗಿರಿಯವರಾದರೆ ಬೋರ್ಡ್ ಹಿಡಿದುಕೊಂಡು ನಾನೇ ಬರುತ್ತೇನೆ.