ಓಪನ್‌ಬಾಕ್ಸ್ ಮಾತ್ರ ಇಟ್ಟುಕೊಂಡರೆ ಸಾಕಾ? ಡಿಮೆನುವಿನಲ್ಲಿ ಕನ್ನಡ ಒಡೆಯುತ್ತಿದೆ

ಹಳೇಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. 4 ಜಿಬಿ ರ‍್ಯಾಮ್ ಇರುವ ಹಳೇ ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ 12 (ಲಿನಕ್ಸ್) ಹಾಕಿ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಬಳಸುತ್ತಿದ್ದೆ. ಚೆನ್ನಾಗಿಯೇ ಇತ್ತು, ಆದರೆ ಆ ಐಕಾನ್‌ಗಳು, ಪ್ಯಾನೆಲ್‌ಗಳು ನನಗೆ ಬೇಡ. ಕೆಳಗೊಂದು ಸಣ್ಣ ಪಟ್ಟಿ, ಗಡಿಯಾರ, ಬಲ ಕ್ಲಿಕ್ ಮಾಡಿದರೆ ಮೆನು, ಇಷ್ಟಿದ್ದರೆ ಸಾಕು ಅಂತ ಓಪನ್‌ಬಾಕ್ಸ್ ಎಂಬ ಹಗುರವಾದ ವಿಂಡೋ ಮ್ಯಾನೇಜರ್‌ಗೆ ಬಂದೆ. ಲಾಗಿನ್ ಆದರೆ ಬರೀ ಖಾಲಿ ಪರದೆ! ಟಿಂಟ್2 (ಕೆಳಗಿನ ಪಟ್ಟಿ), ಡಿಮೆನು (ಟೈಪ್ ಮಾಡಿ ಆರಿಸುವ ಮೆನು) ಹಾಕಿಕೊಂಡೆ. ಈಗ ವಾಲ್ಯೂಮ್ ಬಟನ್ ಕೆಲಸ ಮಾಡುತ್ತಿಲ್ಲ, ವೈಫೈ ಐಕಾನ್ ಇಲ್ಲ, ವಿಂಡೋವನ್ನು ಅರ್ಧ ಪರದೆಗೆ ಕೂರಿಸಲು ಆಗುತ್ತಿಲ್ಲ, ಕನ್ನಡ ಟೈಪಿಂಗೂ ಹೋಯಿತು. ಇನ್ನೊಂದು ವಿಚಿತ್ರ: ಕನ್ನಡ ಹೆಸರಿನ ಫೈಲ್‌ಗಳನ್ನು ಡಿಮೆನುವಿನಲ್ಲಿ ತೋರಿಸುವ ಒಂದು ಸ್ಕ್ರಿಪ್ಟ್ ಇದೆ, ಅದರಲ್ಲಿ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಫಾಂಟ್ ಬದಲಿಸಿದರೂ ಅದೇ ಕಥೆ. ಯಾರಾದರೂ ಇದನ್ನು ಸರಿ ಮಾಡಿಕೊಂಡಿದ್ದೀರಾ?

ಬಲಕ್ಲಿಕ್:
ಖಾಲಿ ಪರದೆ ಬಂದಿದೆ ಅಂದರೆ ಎಲ್ಲ ಸರಿಯಾಗಿದೆ ಗುರುಗಳೇ. ಓಪನ್‌ಬಾಕ್ಸ್ ವಿಂಡೋಗಳನ್ನು ಮಾತ್ರ ನೋಡಿಕೊಳ್ಳುತ್ತದೆ, ಮಿಕ್ಕಿದ್ದೆಲ್ಲ ನಾವೇ ಜೋಡಿಸಿಕೊಳ್ಳಬೇಕು. ಇಟಿಸಿ ಫೋಲ್ಡರ್ ಒಳಗೆ ಎಕ್ಸ್‌ಡಿಜಿ, ಅದರೊಳಗೆ ಓಪನ್‌ಬಾಕ್ಸ್ ಅಂತ ಫೋಲ್ಡರ್ ಇದೆ. ಅಲ್ಲಿರುವ ಫೈಲ್‌ಗಳನ್ನು ನಿಮ್ಮ ಹೋಮ್‌ನ ಕಾನ್ಫಿಗ್ ಫೋಲ್ಡರ್‌ನಲ್ಲಿ ಓಪನ್‌ಬಾಕ್ಸ್ ಅಂತಲೇ ಹೆಸರಿಟ್ಟು ಕಾಪಿ ಮಾಡಿಕೊಳ್ಳಿ. ಆಟೋಸ್ಟಾರ್ಟ್ ಫೈಲ್‌ನಲ್ಲಿ ಟಿಂಟ್2, ವೈಫೈಗೆ ಎನ್‌ಎಂ ಆಪ್ಲೆಟ್, ವಾಲ್‌ಪೇಪರ್‌ಗೆ ಫೆಹ್, ಪಾಸ್‌ವರ್ಡ್ ಕೇಳುವ ಡಬ್ಬಿ ಬರುವುದಕ್ಕೆ ಎಲ್‌ಎಕ್ಸ್‌ಪೋಲ್‌ಕಿಟ್, ಒಂದೊಂದು ಸಾಲಿನಲ್ಲಿ ಒಂದೊಂದು ಬರೆಯಿರಿ. ಸಾಲಿನ ಕೊನೆಗೆ & ಚಿಹ್ನೆ ಮರೆಯಬೇಡಿ. ಅದು ಮಾಮೂಲಿ ಶೆಲ್ ಸ್ಕ್ರಿಪ್ಟ್, & ಇಲ್ಲದಿದ್ದರೆ ಟಿಂಟ್2 ಮುಗಿಯುವವರೆಗೂ ಮುಂದಿನ ಸಾಲು ಓಡುವುದೇ ಇಲ್ಲ, ಟಿಂಟ್2 ಮುಗಿಯುವುದೂ ಇಲ್ಲ.

ವಾಲ್ಯೂಮ್, ಅರ್ಧ ಪರದೆ ಎರಡೂ ಅದೇ ಫೋಲ್ಡರ್‌ನ ಆರ್‌ಸಿ ಡಾಟ್ ಎಕ್ಸ್‌ಎಂಎಲ್ ಫೈಲ್‌ನ ಕೀಬೋರ್ಡ್ ಭಾಗಕ್ಕೆ ಸೇರಿದ್ದು. ಅದರಲ್ಲಿ ಡಬ್ಲ್ಯೂ ಅಂದರೆ ಸೂಪರ್ ಕೀ, ಎ ಅಂದರೆ ಆಲ್ಟ್. ಸೂಪರ್ ಮತ್ತು ಎಡ ಬಾಣಕ್ಕೆ ಎರಡು ಆಕ್ಷನ್ ಕೊಡಿ. ಮೊದಲು ಅನ್‌ಮ್ಯಾಕ್ಸಿಮೈಸ್, ಆಮೇಲೆ ಮೂವ್‌ರೀಸೈಜ್‌ಟು, ಅಗಲ 50%, ಎತ್ತರ 100%. ಬಲ ಬಾಣಕ್ಕೂ ಹಾಗೇ, ಜಾಗ ಮಾತ್ರ ಬಲಗಡೆ. ವಾಲ್ಯೂಮ್ ಕೀಗಳಿಗೆ ಧ್ವನಿ ನಿಯಂತ್ರಿಸುವ ಪಿಎಸಿಟಿಎಲ್ ಕಮಾಂಡ್ ಕೊಟ್ಟರೆ ಆಯಿತು. ಬರೆದಾದ ಮೇಲೆ ಬಲ ಕ್ಲಿಕ್ ಮೆನುವಿನಲ್ಲಿ ರೀಕಾನ್ಫಿಗರ್ ಒತ್ತಿ, ಲಾಗೌಟ್ ಬೇಕಿಲ್ಲ.

ಸುಮ್ನೆಇಣುಕಿದೆ:
ರ‍್ಯಾಮ್ ಉಳಿಯುತ್ತದೆ ಅಂತ ಇಷ್ಟೆಲ್ಲ ಮಾಡುತ್ತಿದ್ದರೆ ಬೇಡ ಅನ್ನುತ್ತೇನೆ. ಉಳಿಯುವುದು ಉಳಿಯುತ್ತದೆ, ಆದರೆ ಫೈರ್‌ಫಾಕ್ಸ್‌ನಲ್ಲಿ ನಾಲ್ಕು ಟ್ಯಾಬ್ ತೆಗೆದರೆ ಅಷ್ಟೂ ಅಲ್ಲಿಗೇ ಹೋಗುತ್ತದೆ. 4 ಜಿಬಿಗೆ ಝಡ್‌ರ‍್ಯಾಮ್ (ರ‍್ಯಾಮ್‌ನಲ್ಲಿರುವುದನ್ನು ಕುಗ್ಗಿಸಿಡುವ ವ್ಯವಸ್ಥೆ) ಹಾಕಿಕೊಳ್ಳುವುದೇ ಜಾಸ್ತಿ ಉಪಯೋಗ. ಖಾಲಿ ಪರದೆ ಇಷ್ಟ ಅಂತ ಮಾಡುತ್ತಿದ್ದರೆ ಅದು ಬೇರೆ ಮಾತು, ನನಗೂ ಇಷ್ಟ. ಅದಕ್ಕೂ ಸುಲಭದ ದಾರಿ ಇದೆ: ಎಕ್ಸ್‌ಎಫ್‌ಸಿಇ ಇರಲಿ, ಅದರ ವಿಂಡೋ ಮ್ಯಾನೇಜರ್ ಬದಲು ಓಪನ್‌ಬಾಕ್ಸ್ ಅನ್ನು ರಿಪ್ಲೇಸ್ ಆಯ್ಕೆ ಕೊಟ್ಟು ಓಡಿಸಿ, ಸೆಷನ್ ಸೇವ್ ಮಾಡಿ. ಪವರ್, ಪರದೆ ಲಾಕ್ ಎಲ್ಲ ಮೊದಲಿನ ಹಾಗೇ ನಡೆಯುತ್ತವೆ.

ಒತ್ತಕ್ಷರ:
ಕನ್ನಡದ ವಿಷಯಕ್ಕೆ ಬರುತ್ತೇನೆ, ಅದನ್ನು ಯಾರೂ ಮುಟ್ಟಲಿಲ್ಲ. ಡಿಮೆನು ಅಕ್ಷರಗಳನ್ನು ಎಕ್ಸ್‌ಎಫ್‌ಟಿ ಎಂಬ ಫಾಂಟ್ ಲೈಬ್ರರಿ ಮೂಲಕ ಸಾಲಾಗಿ ಇಡುತ್ತಾ ಹೋಗುತ್ತದೆ ಅಷ್ಟೇ, ಒತ್ತು ಎಲ್ಲಿ ಕೂರಬೇಕು ಅಂತ ಅದಕ್ಕೆ ಗೊತ್ತಿಲ್ಲ. ಗುಬ್ಬಿ ಫಾಂಟ್ ಹಾಕಿ, ನವಿಲು ಹಾಕಿ, ನೋಟೋ ಹಾಕಿ, ‘ಸ್ತ್ರೀ’ ಅಂತ ಬರೆದರೆ ಚೂರುಚೂರೇ. ಅದರ ಜಾಗಕ್ಕೆ ರೋಫಿ ಎಂಬ ಅಂಥದ್ದೇ ಮೆನು ಹಾಕಿ. ಅದು ಅಕ್ಷರ ಜೋಡಿಸಲು ಪ್ಯಾಂಗೋ ಲೈಬ್ರರಿ ಬಳಸುತ್ತದೆ, ಕನ್ನಡ ಸರಿಯಾಗಿ ಬರುತ್ತದೆ. ರೋಫಿಗೆ ಡಿಮೆನು ಆಯ್ಕೆ ಕೊಟ್ಟರೆ ನಿಮ್ಮ ಸ್ಕ್ರಿಪ್ಟ್‌ನಲ್ಲಿ ಒಂದು ಪದ ಬದಲಿಸಿದರೆ ಸಾಕಾಗಬಹುದು. ಓಪನ್‌ಬಾಕ್ಸ್‌ನ ಶೀರ್ಷಿಕೆ ಪಟ್ಟಿ, ಟಿಂಟ್2 ಇವೂ ಪ್ಯಾಂಗೋನೇ, ಅಲ್ಲಿ ಚಿಂತೆ ಇಲ್ಲ. ಪಟ್ಟಿಯ ಎತ್ತರ ಮಾತ್ರ ತೀರಾ ಕಮ್ಮಿ ಮಾಡಬೇಡಿ, ಒತ್ತಿನ ಕಾಲು ಕತ್ತರಿಸಿ ಹೋದೀತು.

ಟೈಪಿಂಗ್‌ಗೆ ಐಎಂ ಕಾನ್ಫಿಗ್ (ಟೈಪಿಂಗ್ ವ್ಯವಸ್ಥೆ ಆರಿಸುವ ಪ್ರೋಗ್ರಾಂ) ಓಡಿಸಿ, ಐಬಸ್ ಅಂತ ನೀವೇ ಆರಿಸಿ. ಎಂ17ಎನ್ ಪ್ಯಾಕೇಜ್ ಇದ್ದರೆ ನುಡಿಯ ಕೆಜಿಪಿ ವಿನ್ಯಾಸವೂ ಸಿಗುತ್ತದೆ. ರೋಫಿಗೆ ಸೂಪರ್ ಸ್ಪೇಸ್ ಇಡಬೇಡಿ, ಭಾಷೆ ಬದಲಿಸಲು ಐಬಸ್ ಕೇಳುವುದೂ ಅದನ್ನೇ. ಗಡಿಯಾರದಲ್ಲಿ ‘ಸೋಮವಾರ’ ಅಂತ ಬರಬೇಕಾದರೆ ಕನ್ನಡ ಲೊಕೇಲ್ (ಭಾಷೆ-ಪ್ರದೇಶದ ಸೆಟ್ಟಿಂಗ್) ತಯಾರು ಮಾಡಿ ಎಲ್‌ಸಿ ಟೈಮ್‌ಗೆ ಅದನ್ನು ಕೊಡಿ, ಮಿಕ್ಕ ಸಿಸ್ಟಮ್ ಇಂಗ್ಲಿಷ್‌ನಲ್ಲೇ ಇರಬಹುದು.

ಹಳೇಪೆಟ್ಟಿಗೆ:
ರೋಫಿ ಹಾಕಿದೆ, ಅಕ್ಷರ ಸರಿಹೋಯಿತು! ಅರ್ಧ ಪರದೆಯೂ ಆಯಿತು. @ಸುಮ್ನೆಇಣುಕಿದೆ, ರ‍್ಯಾಮ್‌ಗಾಗಿ ಅಲ್ಲ, ಖಾಲಿ ಪರದೆಗಾಗಿಯೇ. ಆದರೆ ಓಪನ್‌ಬಾಕ್ಸ್ ವೇಲ್ಯಾಂಡ್ ಎಂಬ ಹೊಸ ಪರದೆ ವ್ಯವಸ್ಥೆಯಲ್ಲಿ ಓಡುವುದಿಲ್ಲ ಅಂತಾರೆ. ಈಗ ಇಷ್ಟು ಕಟ್ಟಿ ಆಮೇಲೆ ಎಲ್ಲ ಬಿಸಾಡಬೇಕಾ?

ಬಲಕ್ಲಿಕ್:
ಓಡುವುದಿಲ್ಲ, ನಿಜ. ಕೊನೆಯ ಬಿಡುಗಡೆ 3.6.1, ಅದು 2015ರದ್ದು. ಹಳೇ ಪರದೆ ವ್ಯವಸ್ಥೆಯಾದ ಎಕ್ಸ್ ಇರುವವರೆಗೆ ಅದಕ್ಕೇನೂ ಆಗುವುದಿಲ್ಲ. ಬದಲಿಸಲೇಬೇಕು ಅಂದ ದಿನ ವೇಲ್ಯಾಂಡ್‌ನಲ್ಲಿ ಓಡುವ ಲ್ಯಾಬ್‌ಡಬ್ಲ್ಯೂಸಿ ನೋಡಿ, ಅದೂ ಆರ್‌ಸಿ ಡಾಟ್ ಎಕ್ಸ್‌ಎಂಎಲ್ ಅನ್ನೇ ಓದುತ್ತದೆ, ಓಪನ್‌ಬಾಕ್ಸ್ ಥೀಮ್ ಕೂಡ ನಡೆಯುತ್ತದೆ. ರಾಸ್ಪ್‌ಬೆರಿ ಪೈ ಓಎಸ್ 2024ರಲ್ಲಿ ಅದಕ್ಕೇ ಬಂತು. ಹಾಗಾಗಿ ಬರೆದ ಕೀಗಳಲ್ಲಿ ಹೆಚ್ಚಿನವು ಉಳಿಯುತ್ತವೆ. ಟಿಂಟ್2 ಮಾತ್ರ ಬರುವುದಿಲ್ಲ, ಅದರ ಜಾಗಕ್ಕೆ ವೇಬಾರ್ ಹಾಕಿಕೊಳ್ಳಬೇಕು.