ಪದ ಬೇಕು: ‘ಸ್ಕೂಲ್ ಡಿಸ್ಟ್ರಿಕ್ಟ್ ಕನ್ಸಾಲಿಡೇಶನ್ ಸ್ಟಡಿ ಗ್ರ್ಯಾಂಟ್’ (ಶುಕ್ರವಾರದೊಳಗೆ)

ಎಲ್ಲರಿಗೂ ನಮಸ್ಕಾರ.

ಶುಕ್ರವಾರ ಸಂಜೆಯೊಳಗೆ ಒಂದು ಪುಟದ ಕರಪತ್ರ ಅಚ್ಚಿಗೆ ಕೊಡಬೇಕು. ಅಮೆರಿಕದ ಪೌರತ್ವ ಪಡೆದು ಇಲ್ಲಿ ಮತ ಹಾಕುವ ನಮ್ಮ ಹಿರಿಯರಿಗಾಗಿ ಬರೆಯುತ್ತಿದ್ದೇನೆ. ಮೇಲಿನ ಮಾತು ಮಾತ್ರ ಕನ್ನಡಕ್ಕೆ ಬರ್ತಾನೇ ಇಲ್ಲ.

ವಿಷಯ ಇಷ್ಟು. ನ್ಯೂಜೆರ್ಸಿಯಲ್ಲಿ ಊರು ಪಟ್ಟಣ ಎಲ್ಲ ಸೇರಿ 564. ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಘಟಕಗಳೇ ಸ್ಕೂಲ್ ಡಿಸ್ಟ್ರಿಕ್ಟ್‌ಗಳು. ಅವು ಅದಕ್ಕಿಂತ ಜಾಸ್ತಿ, ಸುಮಾರು 600. ಒಂದೊಂದಕ್ಕೂ ಒಂದು ಬೋರ್ಡ್. ಎಷ್ಟೋ ಪುಟ್ಟ ಊರುಗಳಲ್ಲಿ ಕೆಳಗಿನ ತರಗತಿಗಳಿಗೆ ಊರಿನದೇ ಒಂದು ಬೋರ್ಡ್. ಹೈಸ್ಕೂಲಿಗೆ ಪಕ್ಕದೂರುಗಳ ಜೊತೆ ಸೇರಿ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಬಜೆಟ್. ಮನೆ ತೆರಿಗೆಯ ದೊಡ್ಡ ಪಾಲು ಹೋಗುವುದು ಇಲ್ಲಿಗೇ. ಇವು ಸೇರಿಕೊಂಡರೆ ಒಳ್ಳೆಯದೋ ಅಲ್ಲವೋ ಎಂದು ಅಧ್ಯಯನ ಮಾಡಿಸಲು 2022ರ ಜನವರಿಯ ಕಾನೂನಿನಡಿ ರಾಜ್ಯವೇ ಹಣ ಕೊಡುತ್ತದೆ. ಅಧ್ಯಯನ ಮಾಡಿಸಿದ ಮಾತ್ರಕ್ಕೆ ಸೇರಲೇಬೇಕು ಅಂತಿಲ್ಲ. ಅದಕ್ಕೆ ಊರವರ ಮತ ಬೇಕು.

ನಾನು ಬರೆದದ್ದು: ‘ಶೈಕ್ಷಣಿಕ ಜಿಲ್ಲೆಗಳ ವಿಲೀನದ ಅಧ್ಯಯನಕ್ಕೆ ರಾಜ್ಯದ ಅನುದಾನ’. ನಮ್ಮತ್ತೆ ಓದಿದ ಕೂಡಲೇ, ‘ಹಾಗಾದ್ರೆ ಮಗು ಹೋಗೋ ಶಾಲೆ ಮುಚ್ತಾರಾ?’ ಅಂದರು. ನನಗಿದ್ದ ಭಯವೂ ಅದೇ. ದಯವಿಟ್ಟು ಸಹಾಯ ಮಾಡಿ.

— ನ್ಯೂಜೆರ್ಸಿಯಿಂದ

*

ನಿಮ್ಮ ಕನ್ನಡ ಸರಿಯಾಗಿದೆ. ‘ವಿಲೀನ’ ಎಲ್ಲ ಪತ್ರಿಕೆಗಳೂ ಬಳಸುವ ಪದ. ಚರ್ಚೆ ಬೇಕಿಲ್ಲ, ಅಚ್ಚಿಗೆ ಕೊಡಿ.

— ಬೆಂಗಳೂರಿನಿಂದ

*

ಮೇಡಂ, ಅಚ್ಚಿಗೆ ಕೊಡಬೇಡಿ! ‘ಶೈಕ್ಷಣಿಕ ಜಿಲ್ಲೆ’ ಅಂದರೆ ನಮ್ಮಲ್ಲಿ ಬೇರೆಯೇ ಅರ್ಥ. ನಮ್ಮ ಶಿರಸಿ ಒಂದು ಶೈಕ್ಷಣಿಕ ಜಿಲ್ಲೆ. ಚಿಕ್ಕೋಡಿ, ಮಧುಗಿರಿ ಕೂಡ. ಕಂದಾಯ ಜಿಲ್ಲೆ ದೊಡ್ಡದಾಯಿತು ಅಂತ ಇಲಾಖೆ ಒಂದನ್ನು ಎರಡು ಮಾಡಿ, ತಲಾ ಒಬ್ಬ ಉಪನಿರ್ದೇಶಕರನ್ನು (ಡಿಡಿಪಿಐ) ಕೂರಿಸಿದೆ ಅಷ್ಟೆ. ಅದಕ್ಕೆ ಚುನಾವಣೆ ಇಲ್ಲ, ತೆರಿಗೆಯ ಪಾಲೂ ಇಲ್ಲ. ನಿಮ್ಮಲ್ಲಿ ಬೋರ್ಡಿನವರನ್ನು ಊರವರೇ ಆರಿಸುತ್ತಾರೆ ಅಲ್ವಾ? ಹೆಸರಲ್ಲಿ ‘ಡಿಸ್ಟ್ರಿಕ್ಟ್’ ಇದೆ ಅಂತ ‘ಜಿಲ್ಲೆ’ ಅಂದರೆ ಓದುವವರು ದಾರಿ ತಪ್ಪುತ್ತಾರೆ.

— ಶಿರಸಿಯಿಂದ

*

ಶಿರಸಿಯವರ ಮಾತು ಸರಿ. ನಮ್ಮ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಶಾಲೆಗಳನ್ನು ಡಿಸ್ಟ್ರಿಕ್ಟ್ ಬೋರ್ಡ್ ನಡೆಸುತ್ತಿತ್ತು. ನಮ್ಮ ಹಿರಿಯರು ಈಗಲೂ ‘ಬೋರ್ಡ್ ಹೈಸ್ಕೂಲ್’ ಅನ್ನುತ್ತಾರೆ. ಪದ ಮನೆಯಲ್ಲೇ ಇದೆ. ‘ಶಾಲಾ ಬೋರ್ಡ್’ ಅನ್ನಿ.

— ಮಂಗಳೂರಿನಿಂದ

*

ಬೋರ್ಡ್ ಬಿಡಿ, ತೊಂದರೆ ಇರುವುದು ‘ವಿಲೀನ’ದಲ್ಲಿ. ‘ಲೀ’ ಧಾತು. ಕರಗು ಅಂತ ಅರ್ಥ. ‘ಲಯ’ ಹುಟ್ಟಿದ್ದೂ ಅದರಿಂದಲೇ. ಉಪ್ಪು ನೀರಲ್ಲಿ ಕರಗಿದ ಮೇಲೆ ಉಪ್ಪು ಕಾಣಿಸುವುದಿಲ್ಲ. 2017ರ ಏಪ್ರಿಲ್ 1ಕ್ಕೆ ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ‘ವಿಲೀನ’ವಾಯಿತು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್. ಎರಡೂ ಹೆಸರು ಹೋದವು. ನಿಮ್ಮತ್ತೆಯವರ ಕಿವಿ ಚುರುಕಾಗಿದೆ, ಪದದ ಒಳಗಿರುವುದನ್ನೇ ಕೇಳಿಸಿಕೊಂಡಿದ್ದಾರೆ. ಸಮಾನರು ಸೇರುವುದಕ್ಕೆ ನಮ್ಮ ಹತ್ತಿರ ‘ಏಕೀಕರಣ’ ಇದೆ. 1956ರಲ್ಲಿ ಮುಂಬೈ, ಹೈದರಾಬಾದ್, ಮದ್ರಾಸ್ ಕಡೆಯ ಕನ್ನಡ ಜಿಲ್ಲೆಗಳೂ ಕೊಡಗೂ ಮೈಸೂರೂ ಸೇರಿದ್ದಕ್ಕೆ ಇಟ್ಟ ಹೆಸರು. ಅದಕ್ಕಿಂತ ಒಳ್ಳೆಯ ಪದ ಸಿಗಲಿಕ್ಕಿಲ್ಲ.

— ಮೈಸೂರಿನಿಂದ

*

ಏಕೀಕರಣ, ಅಧ್ಯಯನ, ಅನುದಾನ. ಇದರಲ್ಲಿ ಕನ್ನಡ ಎಲ್ಲಿದೆ? ‘ಕೂಡಿಕೆ’ ಅನ್ನಿ. ಅನುದಾನಕ್ಕೆ ‘ನೆರವು’ ಅನ್ನಿ. ‘ಬೋರ್ಡ್’ ಅಂತೂ ಬೇಡವೇ ಬೇಡ, ‘ಕಲಿಕೆಕೂಟ’ ಅಂತ ಹೊಸದಾಗಿ ಕಟ್ಟಬಹುದು. ಕಟ್ಟದಿದ್ದರೆ ನುಡಿ ಬೆಳೆಯುವುದು ಹೇಗೆ?

— ಧಾರವಾಡದಿಂದ

*

‘ಕಲಿಕೆಕೂಟ’ ಯಾರಿಗೂ ಅರ್ಥವಾಗದು. ಮತ ಹಾಕುವ ಕಾಗದದಲ್ಲಿ ಪ್ರಯೋಗ ಬೇಡ.

— ಮೈಸೂರಿನಿಂದ

*

‘ತಾಲ್ಲೂಕು’, ‘ಜಿಲ್ಲೆ’ ಅರಬ್ಬಿಯಿಂದ ಬಂದವು. ‘ಮಂಜೂರು’, ‘ಖರ್ಚು’ ಕೂಡ ಹೊರಗಿನವೇ. ಅವನ್ನೆಲ್ಲ ಒಳಗೆ ಬಿಟ್ಟುಕೊಂಡವರು ಹಳ್ಳಿಯ ಜನ. ಬೋರ್ಡ್ ಕೂಡ ಹಾಗೇ ಬಂತು. ಅದನ್ನು ಹೊರಹಾಕುವ ಹಕ್ಕು ನಮ್ಮ ಈ ಗುಂಪಿನ ನಲವತ್ತು ಜನರಿಗಿಲ್ಲ.

— ಮಂಗಳೂರಿನಿಂದ

*

ಹಕ್ಕಿನ ಮಾತಲ್ಲ. ಅರಬ್ಬಿ ಬರಲಿ, ಇಂಗ್ಲಿಷ್ ಬರಲಿ, ಸಂಸ್ಕೃತ ಬರಲಿ ಅಂತೀರಿ. ಕನ್ನಡ ಬೇರಿನ ಪದ ಬಂದ ಕೂಡಲೇ ‘ಅರ್ಥವಾಗದು’ ಅಂತೀರಿ. ಮೂವತ್ತು ವರ್ಷದಿಂದ ಇದನ್ನೇ ಕೇಳುತ್ತಿದ್ದೇನೆ. ಬೇಸರವಾಗುತ್ತದೆ.

— ಧಾರವಾಡದಿಂದ

*

ಕೇಳಿದವರಿಗೆ ಬೇಕಾದ ಒಂದು ಮಾತು. ನಿಮ್ಮ ರಾಜ್ಯದ ಯೋಜನೆಯ ಹೆಸರಿನಲ್ಲಿರುವುದು ‘ಕನ್ಸಾಲಿಡೇಶನ್’ ಅಲ್ಲ, ‘ರೀಜನಲೈಸೇಶನ್’, ಅಂದರೆ ಅಕ್ಕಪಕ್ಕದ ಊರುಗಳು ಸೇರಿ ಒಂದು ವಲಯವಾಗುವುದು. ಕಾರಣವೂ ಊಹಿಸಬಹುದು. 1939–40ರಲ್ಲಿ ಅಮೆರಿಕದಲ್ಲಿ 1,17,000ಕ್ಕೂ ಹೆಚ್ಚು ಡಿಸ್ಟ್ರಿಕ್ಟ್‌ಗಳಿದ್ದವು. ಈಗ ಸುಮಾರು 13,000. ಆ ದಾರಿಯಲ್ಲಿ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳು ಸಾವಿರಗಟ್ಟಲೆ ಮುಚ್ಚಿದವು. ಅರ್ಕಾನ್ಸಾದಲ್ಲಿ 2004ರಲ್ಲಿ 350ಕ್ಕಿಂತ ಕಡಿಮೆ ಮಕ್ಕಳಿದ್ದ ಡಿಸ್ಟ್ರಿಕ್ಟ್‌ಗಳನ್ನು ಕಾನೂನಿನಿಂದಲೇ ಸೇರಿಸಿದರು. ‘ಕನ್ಸಾಲಿಡೇಶನ್’ ಎಂಬ ಇಂಗ್ಲಿಷ್ ಪದಕ್ಕೂ ಶಾಲೆ ಮುಚ್ಚುವ ನೆನಪು ಅಂಟಿಕೊಂಡಿದೆ. ಹಾಗಾಗಿ ಸುಮ್ನೆ ಅದನ್ನು ಕನ್ನಡಿಸಲು ಹೋಗಬೇಡಿ.

ನಿಮ್ಮಲ್ಲೇ ಉದಾಹರಣೆ ಇದೆ. ಹೈಲ್ಯಾಂಡ್ಸ್, ಅಟ್ಲಾಂಟಿಕ್ ಹೈಲ್ಯಾಂಡ್ಸ್ ಎಂಬ ಎರಡು ಊರಿಗೆ ಮೂರು ಬೋರ್ಡುಗಳಿದ್ದವು: ಊರಿಗೊಂದು, ಎರಡೂ ಊರಿಗೆ ಸೇರಿ ಹೆನ್ರಿ ಹಡ್ಸನ್. 2023ರ ಸೆಪ್ಟೆಂಬರಿನಲ್ಲಿ ಊರವರು ಒಪ್ಪಿ ಮತ ಹಾಕಿದರು. 2024ರ ಜುಲೈಯಿಂದ ಹೆನ್ರಿ ಹಡ್ಸನ್ ಎಂಬ ಒಂದೇ ಡಿಸ್ಟ್ರಿಕ್ಟ್. ಬೋರ್ಡ್ ಒಂದಾಯಿತು, ಶಾಲೆಗಳು ಉಳಿದವು. ಕರಪತ್ರದಲ್ಲಿ ಇದನ್ನು ಬರೆಯಿರಿ. ಯಾವ ಪದಕ್ಕಿಂತಲೂ ಇದು ಹೆಚ್ಚು ಹೇಳುತ್ತದೆ.

— ಟೆಕ್ಸಸ್‌ನಿಂದ

*

ನೋಡಿ, ಹೆನ್ರಿ ಹಡ್ಸನ್ ಹೆಸರು ಉಳಿಯಿತು. ಉಳಿದೆರಡು ಬೋರ್ಡು ಅದರಲ್ಲಿ ಕರಗಿದವು. ‘ವಿಲೀನ’ ಅಂದರೆ ಅದೇ.

— ಬೆಂಗಳೂರಿನಿಂದ

*

ಬೋರ್ಡಿಗೆ ವಿಲೀನ ಒಪ್ಪಬಹುದು. ಆದರೆ ನಿಮ್ಮ ಪತ್ರಿಕೆಗಳು ಆ ಪದವನ್ನು ಬಳಸುವುದು ಇಲ್ಲಿನ ಕನ್ನಡ ಶಾಲೆಗಳ ಬಗ್ಗೆ. ಮಕ್ಕಳು ಕಡಿಮೆ ಅಂತ ಪಕ್ಕದೂರಿನ ಶಾಲೆಗೆ ಸೇರಿಸಿ, ಇಲ್ಲಿ ಬೀಗ ಹಾಕುವುದಕ್ಕೆ. ಊರ ಶಾಲೆಗೆ ಬೀಗ ಬಿದ್ದದ್ದನ್ನು ಕಂಡವರಿಗೆ ಆ ಪದ ಬೇರೆ ಥರ ಕೇಳಿಸುತ್ತದೆ.

ಇನ್ನೊಂದು. ‘ಅನುದಾನ’ ಅಂದಕೂಡಲೇ ನಮ್ಮವರಿಗೆ ಅನುದಾನಿತ ಶಾಲೆ, ಮೇಷ್ಟ್ರ ಸಂಬಳ ನೆನಪಾಗುತ್ತದೆ. ಈ ಯೋಜನೆಯಲ್ಲಿ ಹಣ ಬರುವುದು ಅಧ್ಯಯನದ ಖರ್ಚಿಗೆ ಮಾತ್ರ. ಆ ‘ಖರ್ಚು’ ಎಂಬ ಪದ ಬಿಡಬೇಡಿ. ‘ನೆರವು’ ವಿಷಯದಲ್ಲಿ ಧಾರವಾಡದವರ ಮಾತನ್ನು ಪೂರ್ತಿ ಒಪ್ಪುತ್ತೇನೆ.

— ಶಿರಸಿಯಿಂದ

*

ಎಲ್ಲರಿಗೂ ಧನ್ಯವಾದ. ಕೊನೆಗೆ ಹೀಗೆ ಬರೆದಿದ್ದೇನೆ:

‘ಅಕ್ಕಪಕ್ಕದ ಶಾಲಾ ಬೋರ್ಡುಗಳು ಒಂದಾದರೆ ಆಗುವ ಸಾಧಕ-ಬಾಧಕಗಳ ಅಧ್ಯಯನ: ಅದರ ಖರ್ಚಿಗೆ ರಾಜ್ಯದ ನೆರವು.’

‘ಒಂದಾಗು’ ಅಂದರೆ ಹೆಸರುಪದವೇ ಬೇಡವಾಗುತ್ತದೆ. ಏಕೀಕರಣ ಬರೆದು ನೋಡಿದೆ, ರಾಜ್ಯೋತ್ಸವದ ಭಾಷಣದ ಹಾಗಾಯಿತು. ಮೈಸೂರಿನವರು ಕ್ಷಮಿಸಬೇಕು. ಕೆಳಗೆ ಹೆನ್ರಿ ಹಡ್ಸನ್ ವಿಷಯ ಎರಡು ಸಾಲು ಸೇರಿಸಿದ್ದೇನೆ.

ಅತ್ತೆಗೆ ಮತ್ತೆ ಓದಲು ಕೊಟ್ಟೆ. ಈ ಸಲ ಶಾಲೆಯ ಬಗ್ಗೆ ಕೇಳಲಿಲ್ಲ. ‘ಒಂದಾದ್ರೆ ನಮ್ಮ ತೆರಿಗೆ ಏರುತ್ತಾ, ಇಳಿಯುತ್ತಾ?’ ಅಂದರು. ಅಧ್ಯಯನ ಹೇಳಬೇಕಾದ್ದು ಅದನ್ನೇ.

— ನ್ಯೂಜೆರ್ಸಿಯಿಂದ