ಅಪ್‌ಡೇಟ್: ಪಿಸಿ ಆನ್ ಆಯ್ತು, ಆದರೆ ಒಂದೇ ಸಲಕ್ಕಲ್ಲ

ಹಳೇ ಪಿಸಿಯ ಡಿಡಿಆರ್4 ರ‍್ಯಾಮ್ ಉಳಿಸಿಕೊಂಡು ರೈಝನ್ 5 7600 ಪ್ರೊಸೆಸರ್ ಹಾಕಬಹುದಾ ಅಂತ ಇಲ್ಲಿ ಕೇಳಿದ್ದೆ. ಆಗಲ್ಲ ಅಂದಿರಿ, ನಿಜ. ಈ ಪ್ರೊಸೆಸರ್‌ಗೆ ಬೇಕಾದ ಎಎಂ5 ಮದರ್‌ಬೋರ್ಡ್‌ಗೆ ಹೊಸ ತಲೆಮಾರಿನ ಡಿಡಿಆರ್5 ಮಾತ್ರ ಕೂರುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕಚ್ಚು ಇರುವ ಜಾಗವೇ ಬೇರೆ. ಹಾಗಾಗಿ ಬಿ650 ಬೋರ್ಡ್, 16 ಜಿಬಿಯ ಎರಡು ಹೊಸ ಸ್ಟಿಕ್ ತೆಗೆದುಕೊಂಡೆ.

ನಾನು ಎಡವಿದ್ದು ಬೇರೆ ಕಡೆ. ಕೇಸ್‌ನಲ್ಲಿ 330 ಮಿ.ಮೀ. ಉದ್ದದ ಗ್ರಾಫಿಕ್ಸ್ ಕಾರ್ಡ್ ಹಿಡಿಸುತ್ತದೆ ಅಂತ ಬರೆದಿತ್ತು, ನನ್ನದು 300, ಸಾಕಲ್ವಾ ಅಂದುಕೊಂಡೆ. ಆದರೆ ಮುಂದೆ ಕೂರಿಸಿದ್ದ ವಾಟರ್ ಕೂಲರ್‌ನ ರೇಡಿಯೇಟರ್ 27, ಅದರ ಫ್ಯಾನ್ 25, ಎರಡೂ ಸೇರಿ 52 ಮಿ.ಮೀ. ನುಂಗಿದ್ದವು! ಕೊನೆಗೆ ವಾಟರ್ ಕೂಲರ್ ವಾಪಸ್ ಕೊಟ್ಟು 155 ಮಿ.ಮೀ. ಎತ್ತರದ ಏರ್ ಕೂಲರ್ ಹಾಕಿದೆ. ಕೇಸ್‌ನ ಮಿತಿ 160. ಈ ಚಿಪ್‌ಗೆ ಅದೇ ಜಾಸ್ತಿ, ಸುಮ್ನೆ ಶೋಕಿಗೆ ಬಿದ್ದಿದ್ದೆ.

ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಪೂರ್ತಿ ಕಪ್ಪು, ಬೋರ್ಡ್ ಮೇಲೆ ರ‍್ಯಾಮ್ ಪಕ್ಕದ ಹಳದಿ ದೀಪ ಒಂದೇ ಉರಿಯುತ್ತಿತ್ತು. ಎದೆ ಧಸಕ್ಕೆಂದಿತು. ಅದು ಮೆಮೊರಿ ಟ್ರೈನಿಂಗ್ (ಹೊಸ ರ‍್ಯಾಮ್‌ಗೆ ಬೋರ್ಡ್ ಹೊಂದಿಕೊಳ್ಳುವ ಕೆಲಸ) ಅಷ್ಟೇ, ಕಾದೆ, ಬಂತು.

ಆಮೇಲೂ ಗೇಮ್ ಕುಂಟುತ್ತಿತ್ತು. ನೋಡಿದರೆ ಮಾನಿಟರ್ ಕೇಬಲ್ ಮದರ್‌ಬೋರ್ಡ್‌ಗೆ ಚುಚ್ಚಿದ್ದೆ! 7600 ಒಳಗೇ ಪುಟ್ಟ ಗ್ರಾಫಿಕ್ಸ್ ಇರುವುದರಿಂದ ಚಿತ್ರ ಬರುತ್ತಿತ್ತು, ಅನುಮಾನವೇ ಬರಲಿಲ್ಲ. ಕೇಬಲ್ ಕಾರ್ಡ್‌ಗೆ ಬದಲಿಸಿದೆ. ಬಯೋಸ್‌ನಲ್ಲಿ (ಬೋರ್ಡ್‌ನ ಸೆಟ್ಟಿಂಗ್ಸ್) ರ‍್ಯಾಮ್ ವೇಗ ಏರಿಸುವ ಎಕ್ಸ್‌ಪೋ ಆನ್ ಮಾಡಿದ ಮೇಲೆ 4800 ವೇಗದಲ್ಲಿದ್ದ ರ‍್ಯಾಮ್ 6000ಕ್ಕೆ ಬಂತು.

ಸೈಡ್ ಪ್ಯಾನೆಲ್ ಇನ್ನೂ ಹಾಕಿಲ್ಲ, ಹಿಂದಿನ ವೈರ್‌ಗಳು ಬಿಡುತ್ತಿಲ್ಲ.